ತಾಳಿ ಮೊದಲೋ, ಸಿಟಿಜನ್‌ಶಿಪ್ ಮೊದಲೋ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮದುವೆ ಮತ್ತು ಅಮೆರಿಕದ ಗ್ರೀನ್ ಕಾರ್ಡ್ ಎರಡನ್ನೂ ಸೇರಿಸಿ ಕೇಳಿವೆ. ಅದಕ್ಕೇ ಬೇರೆ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ತಿಂಗಳು ಬರೀ ಇದನ್ನೇ ಹಿಡಿದಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ವಕೀಲೆ ಅಲ್ಲ. ನ್ಯೂಜೆರ್ಸಿಯ ಒಬ್ಬ ಇಮಿಗ್ರೇಷನ್ ವಕೀಲರ ಆಫೀಸಿನಲ್ಲಿ ಕುಟುಂಬ ಪಿಟಿಷನ್‌ಗಳ, ಅಂದರೆ ಅಮೆರಿಕದಲ್ಲಿರುವವರು ತಮ್ಮ ಮನೆಯವರನ್ನು ಕರೆಸಿಕೊಳ್ಳಲು ಹಾಕುವ ಅರ್ಜಿಗಳ, ಫೈಲ್ ನೋಡಿಕೊಂಡೇ ಕೂದಲು ಹಣ್ಣಾದವಳು. ದಾರಿ ಹೇಳಬಲ್ಲೆ. ಸಹಿ ಹಾಕುವ ಮೊದಲು ನಿಮ್ಮ ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಿ.

ಪ್ರಶ್ನೆ: ನಮಸ್ಕಾರ ಅಕ್ಕ. ನನಗೆ 29 ವರ್ಷ. ನಮ್ಮಕ್ಕ ಅಮೆರಿಕದ ಸಿಟಿಜನ್. ಅವಳು ಅಮ್ಮನನ್ನು ಕರೆಸಿಕೊಂಡಳು, 2021ರಲ್ಲಿ ಅಮ್ಮನಿಗೆ ಗ್ರೀನ್ ಕಾರ್ಡ್ ಆಯಿತು. 2022ರಲ್ಲಿ ಅಮ್ಮ ನನಗೆ ಪಿಟಿಷನ್ ಹಾಕಿದರು, ಅಪ್ರೂವ್ ಕೂಡ ಆಗಿದೆ. ಈಗ ಅಮ್ಮ ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿದ್ದಾರೆ, ಇಂಟರ್‌ವ್ಯೂ ಇನ್ನೂ ಆಗಿಲ್ಲ. ಈ ಮಧ್ಯೆ ನನಗೆ ಮದುವೆ ಗೊತ್ತಾಗಿದೆ. ಹುಡುಗಿ ಮನೆಯವರು ಮಾಘದಲ್ಲೇ ಆಗಬೇಕು ಅಂತ ಪಟ್ಟು ಹಿಡಿದಿದ್ದಾರೆ. ನಮ್ಮ ಸೋದರಮಾವ, 'ಛತ್ರದಲ್ಲಿ ಮದುವೆ ಮಾಡಿಕೋ, ರಿಜಿಸ್ಟರ್ ಮಾತ್ರ ಮಾಡಿಸಬೇಡ. ಅಮ್ಮನಿಗೆ ಸಿಟಿಜನ್‌ಶಿಪ್ ಬಂದ ಮೇಲೆ ಮಾಡಿಸಿದರಾಯಿತು' ಅನ್ನುತ್ತಾರೆ. ಇದು ನಡೆಯುತ್ತಾ? — ದಾವಣಗೆರೆಯ ಓದುಗ

ಉತ್ತರ: ನಡೆಯುವುದಿಲ್ಲ. ಸೋದರಮಾವನ ಮಾತು ಕೇಳಿದರೆ ಪಿಟಿಷನ್ನೂ ಹೋಗುತ್ತದೆ, ಸುಳ್ಳು ಹೇಳಿದ ಆರೋಪವೂ ಮೈಮೇಲೆ ಬರುತ್ತದೆ.

ಮೊದಲು ನೀವು ಯಾವ ಸಾಲಿನಲ್ಲಿ ನಿಂತಿದ್ದೀರಿ ನೋಡಿ. ಗ್ರೀನ್ ಕಾರ್ಡ್ ಇರುವವರು ಗಂಡ ಅಥವಾ ಹೆಂಡತಿಗೆ, ಮದುವೆಯಾಗದ ಮಕ್ಕಳಿಗೆ ಪಿಟಿಷನ್ ಹಾಕಬಹುದು. ಮಕ್ಕಳಿಗೆ 21 ತುಂಬಿದ್ದರೆ ಆ ಸಾಲಿಗೆ ಎಫ್2ಬಿ ಅನ್ನುತ್ತಾರೆ. ನಿಮ್ಮದು ಅದೇ. ಮದುವೆಯಾದ ಮಕ್ಕಳಿಗೆ ಗ್ರೀನ್ ಕಾರ್ಡಿನವರು ಪಿಟಿಷನ್ ಹಾಕುವುದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ಆ ಸಾಲು ಇರುವುದು ಸಿಟಿಜನ್‌ಗಳ ಮಕ್ಕಳಿಗೆ ಮಾತ್ರ, ಅದರ ಹೆಸರು ಎಫ್3. ಹಾಗಾಗಿ ಅಮ್ಮ ಇನ್ನೂ ಗ್ರೀನ್ ಕಾರ್ಡ್ ಮೇಲೇ ಇರುವಾಗ ನಿಮ್ಮ ಮದುವೆಯಾದರೆ, ಆ ದಿನವೇ ಪಿಟಿಷನ್ ತಾನಾಗಿ ರದ್ದಾಗುತ್ತದೆ. ಯಾರೂ ನಿಮಗೆ ನೋಟಿಸ್ ಕಳಿಸಬೇಕಾಗಿಲ್ಲ. ಎಷ್ಟೋ ಜನ ಮದುವೆಯಾಗಿ, ಇನ್ನೂ ಸಾಲಿನಲ್ಲಿದ್ದೇವೆ ಅಂದುಕೊಂಡು ವರ್ಷಗಟ್ಟಲೆ ಕಾಯುತ್ತಾರೆ. ಇಂಟರ್‌ವ್ಯೂಗೆ ಮುಂಬೈ ಕಾನ್ಸುಲೇಟಿಗೆ ಹೋದಾಗ ಗೊತ್ತಾಗುತ್ತದೆ, ಪಿಟಿಷನ್ ಯಾವತ್ತೋ ಸತ್ತುಹೋಗಿದೆ ಅಂತ. ಆಮೇಲೆ ಡೈವೋರ್ಸ್ ಆದರೂ ಅದಕ್ಕೆ ಜೀವ ಬರುವುದಿಲ್ಲ. ಆಮೇಲೆ ಅಮ್ಮ ಸಿಟಿಜನ್ ಆದರೂ ಅಷ್ಟೇ. ಹೊಸ ಪಿಟಿಷನ್, ಹೊಸ ತಾರೀಖು.

ಈಗ ಇದನ್ನೇ ಹಿಂದೆಮುಂದೆ ಮಾಡಿ ನೋಡಿ. ಅಮ್ಮ ಮೊದಲು ಸಿಟಿಜನ್ ಆಗುತ್ತಾರೆ, ನೀವು ಆಮೇಲೆ ಮದುವೆಯಾಗುತ್ತೀರಿ. ಅಮ್ಮ ಪ್ರಮಾಣ ಮಾಡಿದ ದಿನ ನೀವು ಎಫ್2ಬಿಯಿಂದ ಎಫ್1ಗೆ ಬರುತ್ತೀರಿ, ಅಂದರೆ ಸಿಟಿಜನ್‌ನ ಮದುವೆಯಾಗದ ಮಗ. ತಾಳಿ ಕಟ್ಟಿದ ದಿನ ಎಫ್1ರಿಂದ ಎಫ್3ಕ್ಕೆ. ಎರಡು ಸಲ ಸಾಲು ಬದಲಾದರೂ 2022ರ ಪ್ರಯಾರಿಟಿ ಡೇಟ್, ಅಂದರೆ ಪಿಟಿಷನ್ ಹಾಕಿದ ತಾರೀಖು, ನಿಮ್ಮ ಜೊತೆಗೇ ಬರುತ್ತದೆ. ಹೆಂಡತಿಗೆ ಬೇರೆ ಪಿಟಿಷನ್ನೂ ಬೇಡ. ನಿಮ್ಮ ವೀಸಾ ಬಂದಾಗ ಅವರಿಗೂ ಅದರಲ್ಲೇ ಸಿಗುತ್ತದೆ, ಅಷ್ಟರಲ್ಲಿ ಮಕ್ಕಳಾಗಿದ್ದರೆ ಅವರಿಗೂ.

ಸಿಟಿಜನ್ ಆಗುವುದು ಅಂದರೆ ಯಾವ ದಿನ? ಅರ್ಜಿ ಹಾಕಿದ ದಿನ ಅಲ್ಲ, ಇಂಟರ್‌ವ್ಯೂ ಪಾಸಾದ ದಿನವೂ ಅಲ್ಲ. ಪ್ರಮಾಣವಚನ ತೆಗೆದುಕೊಂಡ ದಿನ. ಕೆಲವು ಊರುಗಳಲ್ಲಿ ಇಂಟರ್‌ವ್ಯೂ ದಿನವೇ ಪ್ರಮಾಣ ಮುಗಿಸಿ ಕಳಿಸುತ್ತಾರೆ, ಕೆಲವು ಕಡೆ ವಾರಗಟ್ಟಲೆ ಕಾಯಿಸುತ್ತಾರೆ. ಆ ಗ್ಯಾಪ್‌ನಲ್ಲಿ ಮದುವೆಯಾದರೂ ಪಿಟಿಷನ್ ಹೋದಂತೆಯೇ. ಇನ್ನೊಂದು ವಿಷಯ: ಅಮ್ಮನ ಇಂಟರ್‌ವ್ಯೂ ತಾರೀಖು ಬಂತು ಅಂತ ಛತ್ರಕ್ಕೆ ಅಡ್ವಾನ್ಸ್ ಕೊಡಬೇಡಿ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಸಿವಿಕ್ಸ್ ಪರೀಕ್ಷೆ, ಅಂದರೆ ಅಮೆರಿಕದ ಇತಿಹಾಸ ಮತ್ತು ಸರ್ಕಾರದ ಬಗ್ಗೆ ಕೇಳುವ ಪರೀಕ್ಷೆ, ಹೊಸದು. 20 ಪ್ರಶ್ನೆಗಳಲ್ಲಿ 12ಕ್ಕೆ ಸರಿಯುತ್ತರ ಕೊಡಬೇಕು. ಜೊತೆಗೆ ಇಂಗ್ಲಿಷ್ ಓದಿ, ಬರೆದು, ಮಾತಾಡಿ ತೋರಿಸಬೇಕು. ಮೊದಲ ಸಲ ಆಗಲಿಲ್ಲ ಅಂದರೆ ಎರಡು-ಮೂರು ತಿಂಗಳೊಳಗೆ ಇನ್ನೊಂದು ಅವಕಾಶ ಕೊಡುತ್ತಾರೆ, ಆದರೆ ನಿಮ್ಮ ಮುಹೂರ್ತ ಅಷ್ಟು ದಿನ ಕಾಯುವುದಿಲ್ಲವಲ್ಲ. ಅಮ್ಮ ನಡುವೆ ಊರಿಗೆ ಬಂದು ಒಂದೇ ಸಲಕ್ಕೆ ಆರು ತಿಂಗಳಿಗಿಂತ ಜಾಸ್ತಿ ಇದ್ದುಬಿಟ್ಟಿದ್ದರೆ ಅದೂ ಪ್ರಶ್ನೆಯಾಗುತ್ತದೆ. ನಮ್ಮ ಅಮ್ಮಂದಿರು ಹಾಗೇ ಮಾಡುವುದು. ಮೊದಲು ಅವರ ಪಾಸ್‌ಪೋರ್ಟಿನ ಸೀಲುಗಳನ್ನು ಎಣಿಸಿ.

ಇನ್ನು ರಿಜಿಸ್ಟ್ರೇಷನ್ ಮಾತು. ಇದು ನಮ್ಮವರಲ್ಲಿ ಎಷ್ಟು ಬೇರೂರಿದೆ ಅಂದರೆ, ತಿಂಗಳಿಗೊಬ್ಬರಾದರೂ ಕೇಳುತ್ತಾರೆ. ಮದುವೆ ಎಲ್ಲಿ ನಡೆಯಿತೋ ಅಲ್ಲಿನ ಕಾನೂನಿನ ಪ್ರಕಾರ ಅದು ಮದುವೆಯೋ ಅಲ್ಲವೋ ಅನ್ನುವುದನ್ನು ಅಮೆರಿಕದವರು ನೋಡುತ್ತಾರೆ. ನಮ್ಮ 1955ರ ಹಿಂದೂ ವಿವಾಹ ಕಾಯ್ದೆ ಏನು ಹೇಳುತ್ತದೆ? ಶಾಸ್ತ್ರದ ಪ್ರಕಾರ ನಡೆದರೆ ಮದುವೆ ಆದಂತೆ. ಸಪ್ತಪದಿ ಇರುವ ಸಂಪ್ರದಾಯದಲ್ಲಿ ಏಳನೇ ಹೆಜ್ಜೆ ಇಟ್ಟ ಕೂಡಲೇ ಮುಗಿಯಿತು. ರಿಜಿಸ್ಟರ್ ಮಾಡಿಸದಿದ್ದರೂ ಮದುವೆ ಸಿಂಧು ಅಂತ ಆ ಕಾಯ್ದೆಯೇ ಬರೆದಿದೆ. ಸಬ್ ರಿಜಿಸ್ಟ್ರಾರ್ ಕೊಡುವುದು ಆಗಿಹೋದ ಮದುವೆಗೆ ಒಂದು ಸಾಕ್ಷಿ, ಅಷ್ಟೇ. 2024ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಇನ್ನೊಂದು ತುದಿಯಿಂದ ಹೇಳಿತು: ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ತಂದರೆ ಅದು ಹಿಂದೂ ಮದುವೆ ಆಗುವುದಿಲ್ಲ. ಸ್ಪೆಷಲ್ ಮ್ಯಾರೇಜ್ ಆ್ಯಕ್ಟ್‌ನಲ್ಲಿ ಆದವರ ಕಥೆ ಬೇರೆ, ಅಲ್ಲಿ ಸಹಿಯೇ ಮದುವೆ. ನಿಮ್ಮ ಛತ್ರದ ಮದುವೆ ಮಾತ್ರ ಪೂರ್ತಿ ಮದುವೆ. ನಾಳೆ ಫಾರ್ಮಿನಲ್ಲಿ 'ಅವಿವಾಹಿತ' ಅಂತ ಬರೆದರೆ ಅದು ಸುಳ್ಳು.

ಸಿಕ್ಕಿಬೀಳುವುದು ಹೇಗೆ ಅಂತ ಕೇಳಬಹುದು. ನಾನು ನೋಡಿದ ಒಂದು ಫೈಲಿನ ವಿಷಯ ಹೇಳುತ್ತೇನೆ. ಅದರಲ್ಲಿದ್ದ ಹುಡುಗ ಅವಿವಾಹಿತ ಅಂತ ಹೇಳಿಕೊಂಡಿದ್ದ. ಅಪ್ಪನಿಗೂ ಅವನಿಗೂ ಸಂಬಂಧ ಇದೆ ಅಂತ ತೋರಿಸಲು ಮನೆಯವರು ತಂಗಿಯ ಮದುವೆಯ ಲಗ್ನಪತ್ರಿಕೆಯನ್ನು ಅನುವಾದ ಮಾಡಿಸಿ ಕಳಿಸಿದ್ದರು. ಪತ್ರಿಕೆಯ ಕೆಳಗೆ 'ಸುಖಾಗಮನ ಬಯಸುವವರು' ಅಂತ ಪಟ್ಟಿ ಇರುತ್ತದಲ್ಲ, ಅದರಲ್ಲಿ ಇವನ ಹೆಸರಿನ ಹಿಂದೆ 'ಶ್ರೀಮತಿ ಮತ್ತು ಶ್ರೀ'. ಅನುವಾದಕರು ಅದನ್ನೂ ಬಿಡದೆ ಇಂಗ್ಲಿಷಿಗೆ ಹಾಕಿದ್ದರು. ಕಾನ್ಸುಲೇಟಿನವರು ಬೇರೆ ಏನೂ ಹುಡುಕಬೇಕಾಗಲಿಲ್ಲ.

ಹಾಗಾದರೆ ನೀವು ಏನು ಮಾಡಬೇಕು? ಹುಡುಗಿ ಮನೆಯವರ ಎದುರು ಕೂತು ಇದ್ದದ್ದನ್ನು ಇದ್ದಂತೆ ಹೇಳಿ, ನಾಲ್ಕಾರು ತಿಂಗಳು ಕೇಳಿ. ಎಂಗೇಜ್‌ಮೆಂಟ್ ಮಾಡಿಕೊಳ್ಳಿ, ಅದಕ್ಕೆ ಏನೂ ಅಡ್ಡಿ ಇಲ್ಲ. ಅವರು ಒಪ್ಪಲೇ ಇಲ್ಲ ಅಂದರೆ? ಆಗ ನಾನು ಹೇಳುವುದು ಸುಮಾರು ಜನಕ್ಕೆ ಹಿಡಿಸುವುದಿಲ್ಲ: ಮದುವೆಯಾಗಿಬಿಡಿ. ಅಮ್ಮ ಸಿಟಿಜನ್ ಆದ ಮೇಲೆ ಎಫ್3ರಲ್ಲಿ ಹೊಸದಾಗಿ ಹಾಕಲಿ. ಎಫ್3 ಈಗ ಹದಿನಾಲ್ಕು ವರ್ಷದ ಆಸುಪಾಸು ಕಾಯಿಸುತ್ತದೆ, ವರ್ಷಕ್ಕೆ ಇಡೀ ಪ್ರಪಂಚಕ್ಕೆ ಇರುವುದು 23,400 ವೀಸಾ. ಅದರಲ್ಲಿ ನಿಮಗೆ ನಾಲ್ಕು-ಐದು ವರ್ಷ ನಷ್ಟವಾಗುತ್ತದೆ. ನಷ್ಟ ದೊಡ್ಡದೇ. ಆದರೆ ಮದುವೆಯನ್ನೇ ಮುಂದೂಡುತ್ತಾ ಎಫ್1ರಲ್ಲಿ ವೀಸಾ ಬರುವವರೆಗೆ ವರ್ಷಗಟ್ಟಲೆ ಒಬ್ಬ ಹುಡುಗಿಯನ್ನು ಕಾಯಿಸುವುದಕ್ಕಿಂತ ಇದು ಮೇಲು.

ಪ್ರಶ್ನೆ: ಮೇಡಂ, ನನಗೆ ಎಫ್3ರಲ್ಲಿ ಪಿಟಿಷನ್ ಇದೆ. ಎಫ್1 ಬೇಗ ಬರುತ್ತದೆ ಅಂತ ನಮ್ಮ ಏಜೆಂಟ್ ಹೇಳುತ್ತಾರೆ. ನಾನೂ ನನ್ನ ಹೆಂಡತಿಯೂ ಮ್ಯೂಚುವಲ್ ಡೈವೋರ್ಸ್ ತೆಗೆದುಕೊಂಡು, ಅಲ್ಲಿಗೆ ಹೋದ ಮೇಲೆ ಮತ್ತೆ ಮದುವೆಯಾಗಬಹುದಾ? — ಹುಬ್ಬಳ್ಳಿ

ಉತ್ತರ: ಏಜೆಂಟ್ ಬದಲಾಯಿಸಿ. ನಿಜವಾಗಿ ಸಂಸಾರ ಮುರಿದು ಡೈವೋರ್ಸ್ ಆದವರು ಎಫ್3ರಿಂದ ಎಫ್1ಗೆ ಹಳೆಯ ತಾರೀಖಿನ ಸಮೇತ ಬರುತ್ತಾರೆ, ಅದು ಸರಿ. ವೀಸಾಕ್ಕಾಗಿ ಕಾಗದದ ಮೇಲೆ ಬೇರೆಯಾಗಿ, ಒಂದೇ ಮನೆಯಲ್ಲಿ ಒಂದೇ ಅಡುಗೆ ತಿಂದುಕೊಂಡಿರುವವರ ಡೈವೋರ್ಸನ್ನು ಇಮಿಗ್ರೇಷನ್‌ನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೋರ್ಟಿನ ಡಿಕ್ರಿ ಎಷ್ಟು ಸರಿಯಾಗಿದ್ದರೂ ಅಷ್ಟೇ. ಆಮೇಲೆ ಅದೇ ಹೆಂಡತಿಯನ್ನು ಮತ್ತೆ ಮದುವೆಯಾಗಿ ಪಿಟಿಷನ್ ಹಾಕಿದಾಗ ಎಲ್ಲ ತಾನಾಗಿ ಬಯಲಾಗುತ್ತದೆ. ಈ ನಡುವೆ ನಿಮಗೇನಾದರೂ ಆದರೆ ನಿಮ್ಮ ಹೆಂಡತಿ ಕಾನೂನಿನ ಲೆಕ್ಕದಲ್ಲಿ ಯಾರು? ಆಸ್ತಿ, ಪಿಂಚಣಿ, ಏನೂ ಇಲ್ಲ. ಅದನ್ನು ಏಜೆಂಟ್ ಹೇಳಿದರಾ?

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿದ್ದೇನೆ, ಸಿಟಿಜನ್. ಅಮ್ಮ ತೀರಿಕೊಂಡ ಮೇಲೆ ಅಪ್ಪ ಒಂಟಿಯಾಗಿದ್ದರು. ನಾನೇ ಒತ್ತಾಯ ಮಾಡಿ ಅವರಿಗೆ ಇನ್ನೊಂದು ಮದುವೆ ಮಾಡಿಸಿದೆ. ಆಗ ನನಗೆ 31 ವರ್ಷ. ಚಿಕ್ಕಮ್ಮ ತುಂಬಾ ಒಳ್ಳೆಯವರು. ಈಗ ಅಪ್ಪನಿಗೂ ಚಿಕ್ಕಮ್ಮನಿಗೂ ಒಟ್ಟಿಗೆ ಪಿಟಿಷನ್ ಹಾಕಬೇಕು ಅಂತಿದ್ದೇನೆ. ಒಂದೇ ಫಾರ್ಮ್ ಸಾಕಾ? — ಟೆಕ್ಸಸ್

ಉತ್ತರ: ಅಪ್ಪನಿಗೆ ಮದುವೆ ಮಾಡಿಸಿದ ಮಗಳು! ನಿಮಗೆ ಒಳ್ಳೆಯ ಸುದ್ದಿ ಹೇಳಬೇಕು ಅನ್ನಿಸುತ್ತಿದೆ, ಆದರೆ ಕಾನೂನು ಇಲ್ಲಿ ಕಲ್ಲು ಮನಸ್ಸಿನದು.

ಅಪ್ಪನಿಗೆ ತೊಂದರೆ ಇಲ್ಲ. ಸಿಟಿಜನ್‌ನ ತಂದೆ-ತಾಯಿಗೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ, ಸಾಲೂ ಇಲ್ಲ. ನೀವು ಐ-130 ಅನ್ನುವ ಪಿಟಿಷನ್ ಫಾರ್ಮ್ ಹಾಕಿ. 2024ರ ಏಪ್ರಿಲ್‌ನಿಂದ ಫೀ ಆನ್‌ಲೈನ್‌ನಲ್ಲಿ 625 ಡಾಲರ್, ಕಾಗದದಲ್ಲಾದರೆ 675. ಆದರೆ ಚಿಕ್ಕಮ್ಮನಿಗೆ ನೀವು ಹಾಕುವಂತಿಲ್ಲ. ಮಲತಾಯಿ ಅಂತ ಒಪ್ಪಬೇಕಾದರೆ ಆ ಮದುವೆ ನಿಮಗೆ 18 ತುಂಬುವ ಮೊದಲೇ ಆಗಿರಬೇಕು. ನಿಮಗೆ ಆಗ 31. ಅವರು ನಿಮ್ಮನ್ನು ಎಷ್ಟೇ ಹಚ್ಚಿಕೊಂಡಿದ್ದರೂ ಇಮಿಗ್ರೇಷನ್ ಲೆಕ್ಕದಲ್ಲಿ ಅವರು ನಿಮಗೆ ಏನೂ ಅಲ್ಲ. ಅಪ್ಪನ ಪಿಟಿಷನ್‌ನಲ್ಲಿ ಹೆಂಡತಿ ಅಂತ ಸೇರಿಸೋಣ ಅಂದರೆ ಅದೂ ಆಗದು. ಅಣ್ಣತಮ್ಮಂದಿರ ಪಿಟಿಷನ್‌ನಲ್ಲಿ, ಮದುವೆಯಾದ ಮಕ್ಕಳ ಪಿಟಿಷನ್‌ನಲ್ಲಿ ಹೆಂಡತಿ-ಮಕ್ಕಳು ಜೊತೆಗೆ ಬರುತ್ತಾರೆ. ತಂದೆ-ತಾಯಿಯ ಪಿಟಿಷನ್‌ನಲ್ಲಿ ಒಬ್ಬರಿಗೆ ಒಂದೇ, ಹಿಂದೆ ಯಾರೂ ಬರುವಂತಿಲ್ಲ. ಹೆತ್ತ ತಂದೆ-ತಾಯಿ ಇಬ್ಬರಿಗಾದರೂ ಎರಡು ಫಾರ್ಮ್, ಎರಡು ಫೀ.

ಇರುವ ದಾರಿ ಒಂದೇ. ಅಪ್ಪ ಮೊದಲು ಗ್ರೀನ್ ಕಾರ್ಡ್ ತೆಗೆದುಕೊಂಡು, ಆಮೇಲೆ ಅವರೇ ಹೆಂಡತಿಗೆ ಎಫ್2ಎ ಸಾಲಿನಲ್ಲಿ ಹಾಕಬೇಕು. ಅದಕ್ಕೆ ಎರಡು-ಮೂರು ವರ್ಷವಾದರೂ ಹಿಡಿಯುತ್ತದೆ. ಅಷ್ಟು ದಿನ ಅಪ್ಪ ಅಮೆರಿಕದಲ್ಲಿ ಮನೆ ಮಾಡಿಕೊಂಡೇ ಇರಬೇಕು. ವರ್ಷಗಟ್ಟಲೆ ಊರಲ್ಲಿದ್ದುಕೊಂಡು ಗ್ರೀನ್ ಕಾರ್ಡ್ ಜೇಬಲ್ಲಿಟ್ಟುಕೊಳ್ಳುವಂತಿಲ್ಲ. ಅಂದರೆ ವಯಸ್ಸಾದ ಕಾಲದಲ್ಲಿ ಜೊತೆ ಇರಲಿ ಅಂತ ಮಾಡಿಸಿದ ಮದುವೆಯಲ್ಲಿ ಗಂಡ ಇಲ್ಲಿ, ಹೆಂಡತಿ ಅಲ್ಲಿ. ಒಂದು ಸಲ ಪಿಟಿಷನ್ ಬಿದ್ದ ಮೇಲೆ ಚಿಕ್ಕಮ್ಮನಿಗೆ ವಿಸಿಟರ್ ವೀಸಾ ಸಿಗುವುದೂ ಕಷ್ಟ. ಯಾಕೆಂದರೆ ಇಲ್ಲೇ ಇರುವ ಉದ್ದೇಶ ಇದೆ ಅಂತ ನೀವೇ ಬರೆದುಕೊಟ್ಟಂತಾಗುತ್ತದೆ.

ನನ್ನನ್ನು ಕೇಳಿದರೆ, ಇಬ್ಬರಿಗೂ ವಿಸಿಟರ್ ವೀಸಾ ಮಾಡಿಸಿ ಬೇಸಿಗೆಯಲ್ಲಿ ಕರೆಸಿಕೊಂಡು ಕಳಿಸುವುದು ಎಷ್ಟೋ ವಾಸಿ. ಗ್ರೀನ್ ಕಾರ್ಡ್ ಬೇಕೇ ಬೇಕು ಅನ್ನುವವರು ಅವರೋ ನೀವೋ, ಅದನ್ನು ಮೊದಲು ಫೋನ್ ಮಾಡಿ ಕೇಳಿ.

ಪ್ರಶ್ನೆ: ನಮ್ಮಣ್ಣ 2008ರಲ್ಲಿ ನನಗೆ ಹಾಕಿದ ಪಿಟಿಷನ್ ಇನ್ನೇನು ಬರುವ ಹಂತದಲ್ಲಿದೆ. ನನಗೂ ನನ್ನ ಗಂಡನಿಗೂ ಡೈವೋರ್ಸ್ ಆಗಿದೆ. ಮಗಳಿಗೆ ಈಗ 22, ಅವಳಿಗೆ ಒಂದು ಒಳ್ಳೆಯ ಸಂಬಂಧ ಬಂದಿದೆ. ಏನಾಗುತ್ತದೆ? — ಮೈಸೂರು

ಉತ್ತರ: ನಿಮಗೆ ಏನೂ ಆಗುವುದಿಲ್ಲ. ಎಫ್4, ಅಂದರೆ ಒಡಹುಟ್ಟಿದವರ ಸಾಲಿನಲ್ಲಿ ನೀವು ಮದುವೆಯಾಗಿದ್ದೀರೋ ಬಿಟ್ಟಿದ್ದೀರೋ ಯಾರೂ ಕೇಳುವುದಿಲ್ಲ. ನೀವು ನಿಮ್ಮಣ್ಣನ ತಂಗಿ, ಅಷ್ಟು ಸಾಕು. ಹಿಂದಿನ ಗಂಡ ಮಾತ್ರ ಈ ಫೈಲಿನಿಂದ ಹೊರಗೆ. ಡಿಕ್ರಿಯ ದೃಢೀಕರಿಸಿದ ಪ್ರತಿ ತೆಗೆದಿಟ್ಟುಕೊಂಡು ಅಪ್ರೂವ್ ಆದ ಪಿಟಿಷನ್‌ಗಳನ್ನು ನೋಡಿಕೊಳ್ಳುವ ನ್ಯಾಷನಲ್ ವೀಸಾ ಸೆಂಟರಿಗೆ ತಿಳಿಸಿ. ಮುಂದೆ ನೀವು ಮತ್ತೆ ಮದುವೆಯಾದರೂ ತೊಂದರೆ ಇಲ್ಲ. ನೀವು ಅಮೆರಿಕಕ್ಕೆ ಹೋಗಿ ಇಳಿಯುವ ಮೊದಲು ಆ ಮದುವೆ ಆಗಿದ್ದರೆ ಹೊಸ ಗಂಡನೂ ಇದೇ ಫೈಲಿನಲ್ಲಿ ಬರಬಹುದು.

ಕಷ್ಟ ಇರುವುದು ಮಗಳದು. ಮಕ್ಕಳು ನಿಮ್ಮ ಜೊತೆ ಬರಬೇಕಾದರೆ ಮದುವೆಯಾಗಿರಬಾರದು, 21ರೊಳಗಿರಬೇಕು. 22 ಆಯಿತಲ್ಲ ಅಂತ ಕೈ ಬಿಡಬೇಡಿ. 2002ರಲ್ಲಿ ಬಂದ ಒಂದು ಕಾನೂನು ಪಿಟಿಷನ್ ಅಪ್ರೂವ್ ಆಗದೆ ಇಮಿಗ್ರೇಷನ್‌ನವರ ಆಫೀಸಿನಲ್ಲಿ ಬಿದ್ದಿದ್ದ ಕಾಲವನ್ನು ವಯಸ್ಸಿನಿಂದ ಕಳೆಯುತ್ತದೆ. ಉದಾಹರಣೆಗೆ, ಹಾಕಿದ್ದು 2008, ಅಪ್ರೂವ್ ಆಗಿದ್ದು 2012 ಅಂತಿಟ್ಟುಕೊಳ್ಳಿ. ನಿಮ್ಮ ಸರದಿ ಬಂದ ದಿನ ಮಗಳಿಗೆ 23 ಆಗಿದ್ದರೂ ನಾಲ್ಕು ಕಳೆದು 19. ಸರದಿ ಬಂದ ಒಂದು ವರ್ಷದೊಳಗೆ ಅರ್ಜಿ ಮುಂದುವರಿಸಬೇಕು, ಮರೆಯಬಾರದು. ಆದರೆ ಈ ಲೆಕ್ಕ ಉಳಿಸುವುದು ವಯಸ್ಸನ್ನು ಮಾತ್ರ. ಮದುವೆಯಾದರೆ 19 ಆದರೂ ಹೋಯಿತು.

ನಿಮ್ಮ ಹತ್ತಿರ ಎರಡೂ ತಾರೀಖುಗಳು ಇವೆಯಾ? ಅಪ್ರೂವಲ್ ನೋಟಿಸ್ ತೆಗೆದು ನೋಡಿ, ಕಳೆಯುವ ಲೆಕ್ಕ ಮಾಡಿ. ಆಮೇಲೆ ಮಗಳ ಎದುರು ಇಡಿ. ಅಮ್ಮನ ಜೊತೆ ಅಮೆರಿಕವೋ, ಬಂದಿರುವ ಸಂಬಂಧವೋ ಅನ್ನುವುದನ್ನು ಅವಳು ಹೇಳಲಿ. ನೀವಾಗಲಿ ನಿಮ್ಮಣ್ಣನಾಗಲಿ ಅಲ್ಲ.

ಪ್ರಶ್ನೆ: ದಯವಿಟ್ಟು ಊರು, ಹೆಸರು ಹಾಕಬೇಡಿ. ನನ್ನ ಗಂಡ ಸಿಟಿಜನ್. ಮದುವೆಯಾಗಿ ಒಂದು ವರ್ಷಕ್ಕೆ ನಾನು ಇಲ್ಲಿಗೆ ಬಂದೆ. ನನಗೆ ಎರಡು ವರ್ಷದ ಗ್ರೀನ್ ಕಾರ್ಡ್ ಕೊಟ್ಟಿದ್ದಾರೆ. ಮನೆಯಲ್ಲಿ ಹೊಡೆತ, ಬೈಗುಳ. ಎದುರು ಮಾತಾಡಿದರೆ, 'ಒಂದು ಫೋನ್ ಮಾಡಿದರೆ ನಿನ್ನ ಗ್ರೀನ್ ಕಾರ್ಡ್ ಕ್ಯಾನ್ಸಲ್, ಊರಿಗೆ ಕಳಿಸುತ್ತಾರೆ' ಅನ್ನುತ್ತಾರೆ. ನಿಜವಾ?

ಉತ್ತರ: ಸುಳ್ಳು. ಈ ಒಂದು ಮಾತನ್ನು ನೀವು ಇವತ್ತು ನಂಬಬೇಕು. ಗ್ರೀನ್ ಕಾರ್ಡ್ ನಿಮ್ಮ ಕೈಗೆ ಬಂದ ಮೇಲೆ ಅದನ್ನು ರದ್ದು ಮಾಡುವ ಅಧಿಕಾರ ಗಂಡನಿಗೆ ಇಲ್ಲ.

ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗ್ರೀನ್ ಕಾರ್ಡ್ ಆದವರಿಗೆಲ್ಲ ಷರತ್ತಿನ ಕಾರ್ಡನ್ನೇ ಕೊಡುವುದು, ನಿಮಗೊಬ್ಬರಿಗೇ ಅಲ್ಲ. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ-ಹೆಂಡತಿ ಸೇರಿ ಐ-751 ಅನ್ನುವ ಅರ್ಜಿ ಹಾಕಬೇಕು ಅನ್ನುವುದು ನಿಯಮ. 'ನಾನು ಸಹಿ ಹಾಕಲ್ಲ' ಅಂತ ಹೆದರಿಸುವುದು ಇದನ್ನೇ ಹಿಡಿದುಕೊಂಡು. ಆದರೆ ಗಂಡನ ಸಹಿ ಇಲ್ಲದೆಯೂ ಅದೇ ಅರ್ಜಿ ಹಾಕಬಹುದು. ಮದುವೆ ನಿಜವಾದದ್ದು, ಆದರೆ ಡೈವೋರ್ಸ್ ಆಯಿತು ಅಂತ ಒಂದು ದಾರಿ. ಮದುವೆ ನಿಜವಾದದ್ದು, ಆದರೆ ಗಂಡ ಹಿಂಸೆ ಕೊಟ್ಟ ಅಂತ ಇನ್ನೊಂದು ದಾರಿ. ಎರಡನೆಯದಕ್ಕೆ ಡೈವೋರ್ಸ್ ಆಗಿರಲೇಬೇಕು ಅಂತಿಲ್ಲ. ಆ 90 ದಿನಕ್ಕೆ ಕಾಯಬೇಕಾಗಿಯೂ ಇಲ್ಲ.

ಈಗ ಮಾಡಬೇಕಾದ ಕೆಲಸ. ಮದುವೆ ನಿಜ ಅಂತ ತೋರಿಸುವ ಕಾಗದಗಳನ್ನು ಮೆಲ್ಲಗೆ ಕೂಡಿಸಿ: ಇಬ್ಬರ ಹೆಸರಿರುವ ಬಾಡಿಗೆ ಕರಾರು, ಜಾಯಿಂಟ್ ಅಕೌಂಟಿನ ಸ್ಟೇಟ್‌ಮೆಂಟ್, ಒಟ್ಟಿಗೆ ಹಾಕಿದ ಟ್ಯಾಕ್ಸ್ ರಿಟರ್ನ್, ಇನ್ಶೂರೆನ್ಸ್, ಮದುವೆ ಫೋಟೋ, ಊರಿಗೆ ಹೋಗಿಬಂದ ಟಿಕೆಟ್. ಗಾಯವಾಗಿದ್ದರೆ ಫೋಟೋ, ಡಾಕ್ಟರ ಚೀಟಿ. ಇವೆಲ್ಲ ಅವರ ಕೈಗೆ ಸಿಗದ ಜಾಗದಲ್ಲಿರಲಿ, ಅವರಿಗೆ ಪಾಸ್‌ವರ್ಡ್ ಗೊತ್ತಿಲ್ಲದ ಹೊಸ ಇಮೇಲ್‌ನಲ್ಲಿರಲಿ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಲಿ. 'ಊರಿಗೆ ಹೋಗಿ ಬರೋಣ' ಅಂತ ಕರೆದುಕೊಂಡು ಹೋಗಿ ಅಲ್ಲೇ ಬಿಟ್ಟುಬರುವ ಗಂಡಂದಿರು ಇದ್ದಾರೆ. ವಕೀಲರನ್ನು ಕೇಳದೆ ವಿಮಾನ ಹತ್ತಬೇಡಿ.

ಇವತ್ತೇ ಹೊಡೆತ ಬಿದ್ದರೆ 911. ಮಾತಾಡಬೇಕು ಅನ್ನಿಸಿದರೆ ರಾಷ್ಟ್ರೀಯ ಸಹಾಯವಾಣಿ 1-800-799-7233, ಹಗಲು-ರಾತ್ರಿ ಇರುತ್ತದೆ. ನ್ಯೂಜೆರ್ಸಿಯಲ್ಲಿ ಮಾನವಿ, ನ್ಯೂಯಾರ್ಕಿನಲ್ಲಿ ಸಖಿ ಅಂತ ನಮ್ಮ ಕಡೆಯ ಹೆಂಗಸರಿಗಾಗಿಯೇ ಹುಟ್ಟಿದ ಸಂಸ್ಥೆಗಳಿವೆ. ಮಾನವಿ ಶುರುವಾಗಿದ್ದು 1985ರಲ್ಲಿ. 'ಅತ್ತೆ ಏನಂತಾರೆ' ಅನ್ನುವುದನ್ನು ಅವರಿಗೆ ಮೊದಲಿಂದ ವಿವರಿಸಬೇಕಾಗಿಲ್ಲ.

ಇದೇ ಕಷ್ಟದಲ್ಲಿದ್ದು ಇನ್ನೂ ಗ್ರೀನ್ ಕಾರ್ಡ್ ಆಗದ ಓದುಗರಿಗೂ ಹೇಳುತ್ತೇನೆ. ಗ್ರೀನ್ ಕಾರ್ಡ್ ಬರುವ ಮೊದಲೇ ಡೈವೋರ್ಸ್ ಆದರೆ ಗಂಡ ಹಾಕಿದ ಪಿಟಿಷನ್ ಬಿದ್ದುಹೋಗುತ್ತದೆ, ನಿಜ. ಆದರೆ ಸಿಟಿಜನ್ ಅಥವಾ ಗ್ರೀನ್ ಕಾರ್ಡಿನ ಗಂಡ ಹಿಂಸೆ ಕೊಟ್ಟಿದ್ದರೆ ಹೆಂಡತಿ ತನಗೆ ತಾನೇ ಐ-360 ಅನ್ನುವ ಪಿಟಿಷನ್ ಹಾಕಿಕೊಳ್ಳಬಹುದು. ಗಂಡನಿಗೆ ಅದನ್ನು ತಿಳಿಸುವುದಿಲ್ಲ. ಹಿಂಸೆಯಿಂದಾಗಿ ಡೈವೋರ್ಸ್ ಆಗಿದ್ದರೂ ಎರಡು ವರ್ಷದೊಳಗೆ ಹಾಕಬಹುದು.

ಪ್ರಶ್ನೆ: ನನ್ನ ಗಂಡ ಸಿಟಿಜನ್, ನನಗೆ ಪಿಟಿಷನ್ ಹಾಕಿದ್ದರು. ವೀಸಾ ಬರುವ ಮೊದಲೇ ಅವರು ತೀರಿಕೊಂಡರು. ಎಲ್ಲ ಮುಗಿಯಿತು ಅಂತ ಮನೆಯವರು ಹೇಳುತ್ತಿದ್ದಾರೆ. — ಶಿವಮೊಗ್ಗ

ಉತ್ತರ: ಮುಗಿದಿಲ್ಲ. ಸಿಟಿಜನ್ ಗಂಡ ತೀರಿಕೊಂಡರೆ ಅವರು ಹಾಕಿದ್ದ ಪಿಟಿಷನ್ ವಿಧವೆಯ ಐ-360 ಆಗಿ ತಾನೇ ಬದಲಾಗುತ್ತದೆ. ಪಿಟಿಷನ್ ಹಾಕಿರದಿದ್ದರೂ ಎರಡು ವರ್ಷದೊಳಗೆ ನೀವೇ ಹಾಕಬಹುದಿತ್ತು. ಮೊದಲೆಲ್ಲ ಮದುವೆಯಾಗಿ ಎರಡು ವರ್ಷ ಆಗಿರಬೇಕು ಅಂತಿತ್ತು, ಅದನ್ನು 2009ರಲ್ಲಿ ತೆಗೆದರು. ಮರಣ ಪ್ರಮಾಣಪತ್ರ ಕಳಿಸಿ, ಫೈಲ್ ಬದಲಾಯಿಸಲು ಬರೆಯಿರಿ. ಗ್ರೀನ್ ಕಾರ್ಡ್ ಆಗುವವರೆಗೆ ಮರುಮದುವೆ ಆಗುವಂತಿಲ್ಲ, ಅದೊಂದು ನೆನಪಿರಲಿ. ಹೋಗಲೇಬೇಕಾ ಅನ್ನುವುದನ್ನು ನಿಧಾನವಾಗಿ ಯೋಚಿಸಿ, ಆದರೆ ಹಕ್ಕನ್ನು ಈಗಲೇ ಬಿಟ್ಟುಕೊಡಬೇಡಿ.

ಪ್ರಶ್ನೆ: ಮದುವೆ ಮುಚ್ಚಿಟ್ಟು ಎಫ್2ಬಿಯಲ್ಲಿ ಬಂದಿದ್ದೇನೆ. ಹೆಂಡತಿ ಊರಲ್ಲಿದ್ದಾಳೆ. ಈಗ ಊರಿಗೆ ಹೋಗಿ ಅವಳನ್ನೇ ಹೊಸದಾಗಿ ಮದುವೆಯಾದಂತೆ ರಿಜಿಸ್ಟರ್ ಮಾಡಿಸಿ ಪಿಟಿಷನ್ ಹಾಕಲಾ? — ಹೆಸರು ಬೇಡ

ಉತ್ತರ: ಏನನ್ನೂ ಹಾಕಬೇಡಿ. ಸಿಟಿಜನ್‌ಶಿಪ್‌ಗೂ ಅರ್ಜಿ ಹಾಕಬೇಡಿ, ಅಲ್ಲಿ ಹಳೆಯ ಫೈಲ್ ಮತ್ತೆ ತೆಗೆದು ಓದುತ್ತಾರೆ. ನಿಮ್ಮದು ಪತ್ರಿಕೆಯಲ್ಲಿ ಉತ್ತರ ಕೊಡುವ ಪ್ರಶ್ನೆ ಅಲ್ಲ. ಗಡೀಪಾರು ಕೇಸುಗಳನ್ನು ನಡೆಸುವ ವಕೀಲರ ಹತ್ತಿರ ಹೋಗಿ, ಒಂದೂ ಮುಚ್ಚಿಡದೆ ಹೇಳಿ. ವಕೀಲರಿಗೆ ಹೇಳಿದ್ದು ಅವರಲ್ಲೇ ಉಳಿಯುತ್ತದೆ. ನಿಮ್ಮಂಥವರನ್ನು ಕ್ಷಮಿಸುವ ಅವಕಾಶ ಕೆಲವು ಸಂದರ್ಭಗಳಲ್ಲಿ ಕಾನೂನಿನಲ್ಲೇ ಇದೆ. ಎರಡನೇ ಸುಳ್ಳು ಸೇರಿಸಿದರೆ ಅದೂ ಕೈಬಿಟ್ಟು ಹೋಗಬಹುದು. ಊರಲ್ಲಿರುವ ಹೆಂಡತಿಗೆ ಇದೆಲ್ಲ ಗೊತ್ತಿದೆಯಾ? ಇಲ್ಲ ಅಂದರೆ ಈ ವಾರವೇ ಹೇಳಿ.

ಪ್ರಶ್ನೆ: ಅಕ್ಕ, ನನಗೆ 33. ಅಪ್ಪ ಸಿಟಿಜನ್, ಎಫ್1ರಲ್ಲಿ ನನ್ನ ವೀಸಾ ಪಾಸ್‌ಪೋರ್ಟಿನಲ್ಲಿ ಸ್ಟಾಂಪ್ ಆಗಿ ಬಂದಿದೆ. ಹೋಗುವುದಕ್ಕೆ ಇನ್ನೂ ನಾಲ್ಕು ತಿಂಗಳ ಟೈಮ್ ಇದೆ. ನನಗೆ ಮದುವೆ ಗೊತ್ತಾಗಿದೆ, ಅಜ್ಜಿಗೆ ಹುಷಾರಿಲ್ಲ. ವೀಸಾ ಬಂದೇಬಿಟ್ಟಿದೆಯಲ್ಲ, ಮದುವೆ ಮುಗಿಸಿಕೊಂಡು ಹೋದರೆ ಆಗಲ್ವಾ? — ಉಡುಪಿ

ಉತ್ತರ: ಆಗಲ್ಲ. ಸ್ಟಾಂಪ್ ಬಿದ್ದ ದಿನ ಮಾತ್ರ ಅಲ್ಲ, ಅಮೆರಿಕದ ಏರ್‌ಪೋರ್ಟಿನಲ್ಲಿ ಆಫೀಸರ್ ಎದುರು ನಿಂತ ಹೊತ್ತಿನಲ್ಲೂ ನೀವು ಅವಿವಾಹಿತೆಯಾಗಿರಬೇಕು. ಮದುವೆಯಾಗಿ ಹೊರಟರೆ ಆ ವೀಸಾ ಕೆಲಸಕ್ಕೆ ಬರುವುದಿಲ್ಲ. ಪಿಟಿಷನ್ ಉಳಿಯುತ್ತದೆ, ಆದರೆ ಎಫ್3ಕ್ಕೆ ಹೋಗಿ ಇನ್ನೂ ಹಲವು ವರ್ಷ ಕಾಯಬೇಕು.

ಸುಲಭದ ದಾರಿ ಇದೆ. ನಾಲ್ಕು ತಿಂಗಳು ಕಾಯುತ್ತಾ ಕೂರಬೇಡಿ, ಈ ತಿಂಗಳೇ ಟಿಕೆಟ್ ಮಾಡಿಸಿ. ಹೊರಡುವ ಮೊದಲು ಅಜ್ಜಿಯ ಎದುರೇ ನಿಶ್ಚಿತಾರ್ಥ ಆಗಲಿ. ನಿಶ್ಚಿತಾರ್ಥ ಅಂದರೆ ಬರೀ ನಿಶ್ಚಿತಾರ್ಥ. ಅಜ್ಜಿಯ ಸಮಾಧಾನಕ್ಕೆ ಅಂತ ಧಾರೆಯ ಶಾಸ್ತ್ರ ಒಂದನ್ನು ಮುಗಿಸಿಬಿಡುವುದು ಬೇಡ. ಅಮೆರಿಕದಲ್ಲಿ ಇಳಿದಾಗ ಪಾಸ್‌ಪೋರ್ಟಿನಲ್ಲಿರುವ ವೀಸಾದ ಮೇಲೆ ಸೀಲು ಹಾಕುತ್ತಾರೆ. ಆ ಗಳಿಗೆಯಿಂದ ನೀವು ಗ್ರೀನ್ ಕಾರ್ಡಿನವರು. ಆ ಸೀಲೇ ಒಂದು ವರ್ಷ ಗ್ರೀನ್ ಕಾರ್ಡ್ ಇದ್ದ ಹಾಗೆ. ಹಾಗಾಗಿ ಪ್ಲಾಸ್ಟಿಕ್ ಕಾರ್ಡ್ ಅಂಚೆಯಲ್ಲಿ ಬರಲಿ ಅಂತ ಕಾಯಬೇಕಾಗಿಲ್ಲ, ಕೆಲವೇ ವಾರಗಳಲ್ಲಿ ಉಡುಪಿಗೆ ವಾಪಸ್ ಬಂದು ಮದುವೆಯಾಗಬಹುದು. ಆಮೇಲೆ ಗಂಡನಿಗೆ ಎಫ್2ಎಯಲ್ಲಿ ನೀವು ಹಾಕಿ. ಎರಡು-ಮೂರು ವರ್ಷ ದೂರ ಇರಬೇಕಾಗುತ್ತದೆ, ಅದನ್ನು ಹುಡುಗನಿಗೆ ನಿಶ್ಚಿತಾರ್ಥಕ್ಕೆ ಮೊದಲೇ ಹೇಳಿ. ಸೀಲು ಬಿದ್ದ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಗಂಡನ ಪಿಟಿಷನ್ ಹಾಕುವಾಗ ಮ್ಯಾರೇಜ್ ಸರ್ಟಿಫಿಕೇಟಿನ ತಾರೀಖು ಅದಕ್ಕಿಂತ ಆಮೇಲಿನದು ಅಂತ ತೋರಿಸಬೇಕಾಗುತ್ತದೆ.